ಬೆನ್ನಿಗೆ ಹಾಕುವ ಪೀಕ್ ಕೇಜ್‌ಗೆ ಮೂಳೆ ಹಿಡಿಯುತ್ತದಾ?

ಮೂಡಿಗೆರೆ_ತೋಟ:
ಅಪ್ಪನಿಗೆ ಸೊಂಟದ ಡಿಸ್ಕ್ ಸವೆದು ಕಾಲು ಮರಗಟ್ಟುತ್ತಿದೆ. ಹಾಸನದಲ್ಲಿ ತೋರಿಸಿದೆವು, ಎರಡು ಮೂಳೆ ಕೂಡಿಕೊಳ್ಳಲಿ ಅಂತ ನಡುವೆ ಪೀಕ್ ಕೇಜ್ ಅನ್ನೋ ಸಣ್ಣ ಚೌಕಟ್ಟು ಇಡಬೇಕು ಅಂದರು. ಅದು ಪ್ಲಾಸ್ಟಿಕ್ ಅಂತೆ. ಟೈಟಾನಿಯಂ ಇರುವಾಗ ಪ್ಲಾಸ್ಟಿಕ್ ಯಾಕೆ? ಅಪ್ಪನಿಗೆ ಶುಗರ್ ಬೇರೆ ಇದೆ, ಒಳಗೆ ಕೀವಾದರೆ ಏನು ಮಾಡೋದು ಅಂತ ಅಮ್ಮನಿಗೆ ನಿದ್ದೆಯೇ ಇಲ್ಲ.

ಪಾಲಿಮರ್_ಹಾಸನ:
ನಾನು ಎಂ.ಟೆಕ್‌ನಲ್ಲಿ ಇದೇ ವಿಷಯ ಓದುತ್ತಿದ್ದೇನೆ. ಟೈಟಾನಿಯಂ ತುಂಬಾ ಬಿರುಸು, ಸುಮಾರು 110 ಗಿಗಾಪಾಸ್ಕಲ್ (ಬಿರುಸನ್ನು ಅಳೆಯುವ ಮಾನ). ಪೀಕ್ 3ರಿಂದ 4 ಅಷ್ಟೇ, ಮೂಳೆಗೆ ಹತ್ತಿರ. ಅದಕ್ಕೇ ಭಾರವೆಲ್ಲ ಲೋಹವೇ ಹೊತ್ತು ಪಕ್ಕದ ಮೂಳೆ ಸೊರಗುವ ತೊಂದರೆ ಕಡಿಮೆ. ಎಕ್ಸ್‌ರೇಗೂ ಅಡ್ಡ ಬರುವುದಿಲ್ಲ, ಮೂಳೆ ಕೂಡಿದೆಯಾ ಅಂತ ಕಾಣುತ್ತದೆ.

ಆದರೆ ಬರೀ ಪೀಕ್ ನಯ, ನೀರನ್ನೂ ಹಿಡಿಯುವುದಿಲ್ಲ. ನಿಮ್ಮ ತೋಟದ ಮೆಣಸಿನ ಬಳ್ಳಿಯನ್ನೇ ನೋಡಿ, ಒರಟು ತೊಗಟೆಗೆ ಬೇರು ಕಚ್ಚಿ ಹತ್ತುತ್ತದೆ, ಪಿವಿಸಿ ಪೈಪಿಗೆ ಕಟ್ಟಿದರೆ ಹತ್ತುತ್ತದಾ? ಹಾಗಾಗಿ ಮೇಲ್ಮೈಗೆ ಟೈಟಾನಿಯಂ ಲೇಪ ಕೊಡುತ್ತಾರೆ, ಇಲ್ಲವೇ ಸಣ್ಣ ರಂಧ್ರ ಮಾಡುತ್ತಾರೆ. ಲ್ಯಾಬ್‌ನಲ್ಲಿ ಗಂಧಕಾಮ್ಲದಲ್ಲಿ ಅದ್ದಿಯೂ ರಂಧ್ರ ಬರಿಸುತ್ತಾರೆ, ಆಮೇಲೆ ಆಮ್ಲ ಉಳಿಯದಂತೆ ಚೆನ್ನಾಗಿ ತೊಳೆಯಲೇಬೇಕು.

ಮೂಡಿಗೆರೆ_ತೋಟ:
ಒರಟಾದರೆ ಬ್ಯಾಕ್ಟೀರಿಯಾಗೂ ಕೂರಲು ಜಾಗ ಸಿಕ್ಕಂತೆ ಅಲ್ವಾ ಸರ್?

ಪಾಲಿಮರ್_ಹಾಸನ:
ಹೌದು, ಕಷ್ಟ ಇರುವುದೇ ಅಲ್ಲಿ. ಕೇಜ್ ಒಳಗೆ ಹೋದ ಕ್ಷಣದಿಂದ ಮೂಳೆಯ ಕೋಶಕ್ಕೂ ಬ್ಯಾಕ್ಟೀರಿಯಾಗೂ ಪೈಪೋಟಿ. 1987ರಲ್ಲೇ ಗ್ರಿಸ್ಟಿನಾ ಎಂಬವರು ಇದನ್ನು 'ಮೇಲ್ಮೈಗಾಗಿ ಓಟ' ಅಂತ ಕರೆದರು. ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಮೊದಲು ಕೂತರೆ ಮೇಲೆ ಲೋಳೆ ಪದರ ಕಟ್ಟಿಕೊಳ್ಳುತ್ತದೆ, ಆಮೇಲೆ ಆಂಟಿಬಯಾಟಿಕ್ ಕೊಟ್ಟರೂ ಪೂರ್ತಿ ಹೋಗುವುದು ಕಷ್ಟ. ಮೇಲ್ಮೈಗೆ ಬೆಳ್ಳಿಯ ಕಣ ಸೇರಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಬೆಳ್ಳಿ ಜಾಸ್ತಿಯಾದರೆ ಮೂಳೆಯ ಕೋಶವೂ ಸಾಯುತ್ತದೆ. ಆ ಅಳತೆ ಸಿಗಲೆಂದೇ ನಾವೆಲ್ಲ ಒದ್ದಾಡುತ್ತಿರುವುದು. ಪೀಕ್ ಮೇಲೆ ಬೆಳ್ಳಿಯ ಕೆಲಸ ಬಹುಪಾಲು ಇನ್ನೂ ಲ್ಯಾಬ್‌ನಲ್ಲೇ ಇದೆ, ಅದಕ್ಕಾಗಿ ಆಪರೇಷನ್ ಮುಂದೂಡಬೇಡಿ.

ಓಟಿ_ಅಕ್ಕ_ಚಿಕ್ಕಮಗಳೂರು:
ತಮ್ಮಾ, ಲೇಪದ ವಿಷಯ ಡಾಕ್ಟರನ್ನೇ ಕೇಳು, ಬೇಜಾರು ಮಾಡಿಕೊಳ್ಳುವುದಿಲ್ಲ. ಅದಕ್ಕಿಂತ ಮುಖ್ಯ, ಆಪರೇಷನ್‌ಗೆ ಮುಂಚೆ ಶುಗರ್ ಹತೋಟಿಗೆ ಬರಲಿ. ಶುಗರ್ ಏರಿದ್ದರೆ ಸೋಂಕು ಬೇಗ ಹಿಡಿಯುತ್ತದೆ. ಅಪ್ಪ ಬೀಡಿ ಸೇದುತ್ತಾರಾ? ಸೇದಿದರೆ ಮೂಳೆ ಕೂಡುವುದು ನಿಧಾನ, ಈಗಲೇ ಬಿಡಿಸು. ಕೇಜ್ ಪೊಟ್ಟಣದ ಸ್ಟಿಕ್ಕರ್ ಫೈಲಿಗೆ ಅಂಟಿಸಿರುತ್ತಾರೆ, ಡಿಸ್ಚಾರ್ಜ್ ದಿನ ಅದರ ಫೋಟೋ ತೆಗೆದಿಟ್ಟುಕೋ.

ಮೂಡಿಗೆರೆ_ತೋಟ:
ಸೇದುತ್ತಾರೆ ಅಕ್ಕ, ದಿನಕ್ಕೊಂದು ಕಟ್ಟು. ಇವತ್ತೇ ಮಾತಾಡ್ತೀನಿ.