ಅಪ್‌ಡೇಟ್: ಯಾಣದ ಬಳಿಯ ಬಾವಲಿಗಳ ಚಿತ್ರೀಕರಣ

ಯಾಣದ ಸಮೀಪದ ಗುಹೆಯಲ್ಲಿ ಬಾವಲಿಗಳನ್ನು ಬೆದರಿಸದೆ ಸಾಕ್ಷ್ಯಚಿತ್ರಕ್ಕೆ ಸೆರೆಹಿಡಿಯುವುದು ಹೇಗೆಂದು ಕೇಳಿದ್ದೆ. ದೀಪ ಹಿಡಿದು ಒಳಹೋಗದೆ ಗುಹೆಯ ಬಾಯಿಯ ಹೊರಗೇ ಕಾಯಿರಿ ಎಂದಿದ್ದ ಹಿರಿಯರಿಗೆ ನಾನು ಮನಸಾರೆ ಕೃತಜ್ಞನಾಗಿದ್ದೇನೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಸುಣ್ಣಕಲ್ಲಿನ ಬಂಡೆಯ ಪಕ್ಕ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು ಮುಸ್ಸಂಜೆಗೆ ಮೊದಲೇ ಕುಳಿತೆವು. ಮೊದಲು ಒಂದು, ಬಳಿಕ ನಾಲ್ಕಾರು, ಆಮೇಲೆ ಹೊಗೆಯಂತೆ ಹಿಂಡೇ ಹೊರಬಿದ್ದಿತು. 20 ಕಿಲೋಹರ್ಟ್ಸ್‌ಗೂ ಮೇಲಿನ ಅವುಗಳ ಕೂಗು ನಮ್ಮ ಕಿವಿಗೆ ನಿಲುಕದು. ಬ್ಯಾಟ್ ಡಿಟೆಕ್ಟರ್ ಅದನ್ನು ಟಿಕ್‌ಟಿಕ್ ಸದ್ದಾಗಿ ಇಳಿಸಿಕೊಟ್ಟಿತು, ಮತ್ತು ಬಾವಲಿಯೊಂದು ಕೀಟದ ಸಮೀಪಕ್ಕೆ ಬಂದಾಗ ಆ ಸದ್ದುಗಳು ಒಂದಕ್ಕೊಂದು ಅಂಟಿಕೊಂಡು ಗುಂಯ್ ಎಂದವು. ಒಂದು ತಾಯಿಯ ಎದೆಗೆ ಮರಿ ಕಚ್ಚಿಕೊಂಡಿತ್ತು. ಬೆದರಿದ ತಾಯಂದಿರು ಹಾರಿದರೆ ಮರಿಗಳು ನೆಲಕ್ಕೆ ಬೀಳುತ್ತವೆಯಾದ್ದರಿಂದ, ಒಳಗಿನ ದೃಶ್ಯಗಳನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ.