ಸಹಾಯ ಬೇಕು: ಒಳ್ಳೆಯ ನಾಳೆ ತೋರಿಸುವ ಪ್ರಯೋಗಾತ್ಮಕ ಸಿನಿಮಾ ಗೊತ್ತಾ?

ಎಲ್ಲರಿಗೂ ನಮಸ್ಕಾರ. ಉಡುಪಿಯ ಅಜ್ಜರಕಾಡು ಹತ್ತಿರ ಕಾಲೇಜು ಮಕ್ಕಳಿಗೆ ಒಂದು ಸಂಜೆ ಸಿನಿಮಾ ತೋರಿಸಬೇಕು ಅಂತಿದ್ದೇವೆ. ವಿಷಯ, ಪ್ರಯೋಗಾತ್ಮಕ ಸಿನಿಮಾ ಕಂಡ ಭವಿಷ್ಯ.

ಕರಾಳ ಭವಿಷ್ಯದ ಚಿತ್ರಗಳು ಬೇಕಾದಷ್ಟಿವೆ. ಫ್ರೆಂಚ್ ನಿರ್ದೇಶಕ ಕ್ರಿಸ್ ಮಾರ್ಕರ್ ಅವರ ‘ಲಾ ಜೆಟೆ’ (1962) ಆರಿಸಿದ್ದೇವೆ. ಮೂರನೇ ಮಹಾಯುದ್ಧದ ನಂತರದ ಪ್ಯಾರಿಸ್‌ನ ಕಥೆ. 28 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳೇ. ಒಂದೇ ಒಂದು ಕಡೆ, ಮಲಗಿದ ಹೆಂಗಸು ಕಣ್ಣು ಮಿಟುಕಿಸುವಾಗ ಮಾತ್ರ ಚಿತ್ರ ಚಲಿಸುತ್ತದೆ. ಅದನ್ನು ದೊಡ್ಡ ಪರದೆಯಲ್ಲಿ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಆದರೆ ಆಸೆ ಹುಟ್ಟಿಸುವ ಚಿತ್ರ? ಎಸ್.ಎನ್.ಎಸ್. ಶಾಸ್ತ್ರಿ ಅವರ ಸಾಕ್ಷ್ಯಚಿತ್ರ ‘ಐ ಆ್ಯಮ್ 20’ (1967) ಒಂದೇ ಹೊಳೆದಿದೆ. 1947ರಲ್ಲಿ ಹುಟ್ಟಿದ ಹುಡುಗ ಹುಡುಗಿಯರು ದೇಶದ ಬಗ್ಗೆ ಮಾತಾಡುತ್ತಾರೆ. ಅದರಲ್ಲೂ ಕನಸಿನ ಜೊತೆ ಬೇಸರ ಇದೆ. ಬರೀ ಭಯ ತೋರಿಸಿ ಮಕ್ಕಳನ್ನು ಮನೆಗೆ ಕಳಿಸುವುದು ನನಗೆ ಇಷ್ಟವಿಲ್ಲ.

ಇಂಥ ಕಿರುಚಿತ್ರ ಗೊತ್ತಿದ್ದರೆ ದಯವಿಟ್ಟು ಹೇಳಿ. ನಮ್ಮ ಕರಾವಳಿಯವರೇ ಮಾಡಿದ್ದಾದರೆ ಇನ್ನೂ ಖುಷಿ. ಮತ್ತೆ, ಮಂಗಳೂರು, ಮಣಿಪಾಲದ ಕಡೆ ಫ್ರೆಂಚ್ ಬಲ್ಲವರು ಯಾರಾದರೂ ಇದ್ದೀರಾ? ‘ಲಾ ಜೆಟೆ’ಯ ನಿರೂಪಣೆಗೆ ಕನ್ನಡ ಸಬ್‌ಟೈಟಲ್ ಮಾಡಬೇಕು. ಮಾತು ಜಾಸ್ತಿ ಇಲ್ಲ, ಒಟ್ಟಿಗೆ ಕೂತು ಮಾಡೋಣ.