ಅಂಗಳದಾಚೆ ಒಲೆ ಹಾಕಿ ಮನೆ ಬೆಚ್ಚಗಿಡಬಹುದಾ?

ಕೇಳಿದವರು, ಶಿರಸಿ ಹತ್ತಿರ

ಊರಲ್ಲಿ ನಮ್ಮದು ಹಳೇ ಹಂಚಿನ ಮನೆ. ಅಪ್ಪಯ್ಯನಿಗೆ 78. ಜೂನ್ ಬಂತೆಂದರೆ ಮಂಡಿ ನೋವು, ಹಾಸಿಗೆಯೆಲ್ಲ ಹಸಿ ಹಸಿ ಅನ್ನುವ ಗೋಳು. ಅಮೆರಿಕದಲ್ಲಿರುವ ಭಾವನ ಮನೆಯಲ್ಲಿ ಅಂಗಳದಾಚೆ ಒಂದು ಒಲೆ ನೋಡಿದ್ದೆ. ಕಟ್ಟಿಗೆ, ಕಲ್ಲಿದ್ದಲು ಎರಡೂ ಹಾಕುತ್ತಾರೆ. ಪೈಪಿನಲ್ಲಿ ಬಿಸಿನೀರು ಬಂದು ಮನೆಯಿಡೀ ಬೆಚ್ಚಗಿರುತ್ತದೆ. ಅಂಥದ್ದನ್ನೇ ಇಲ್ಲಿನ ವರ್ಕ್‌ಶಾಪಿನಲ್ಲಿ ಮಾಡಿಸಿದರೆ ಹೇಗೆ? ಸ್ನಾನದ ನೀರೂ ಆಯಿತು, ಕೋಣೆಯೂ ಬೆಚ್ಚಗಾಯಿತು. ಗೊತ್ತಿದ್ದವರು ಹೇಳಿ.

ಪೆನ್ಸಿಲ್ವೇನಿಯಾದಿಂದ, ಹುಟ್ಟೂರು ಸಿದ್ದಾಪುರ

ಅಕ್ಕ, ನಮ್ಮಲ್ಲೂ ಅದೇ ಇದೆ. ಸಣ್ಣ ಶೆಡ್ಡಿನಂತೆ ಕಾಣುವ ಉಕ್ಕಿನ ಒಲೆ, ಬೆಂಕಿ ಗೂಡಿನ ಸುತ್ತ ನೀರು. ಆ ನೀರು ನೆಲದಡಿಯ ಪೈಪಿನಲ್ಲಿ ಮನೆಗೆ ಬಂದು, ಶಾಖ ಬಿಟ್ಟು ವಾಪಸ್ ಹೋಗುತ್ತದೆ. ದಿನಕ್ಕೆ ಎರಡು ಸಲ ಕಟ್ಟಿಗೆ ತುಂಬಿದರೆ ಆಯಿತು. ಹೊರಗೆ ಸೊನ್ನೆಗಿಂತ ಕೆಳಗಿದ್ದರೂ ಒಳಗೆ ಬನಿಯನ್ನಿನಲ್ಲಿ ಓಡಾಡಬಹುದು.

ಆದರೆ ಮೊದಲ ವರ್ಷ ನಾನು ಮಾಡಿದ ತಪ್ಪು ಕೇಳಿ. ಆಗಷ್ಟೇ ಕಡಿದ ಹಸಿ ಕಟ್ಟಿಗೆ ಹಾಕಿದೆ. ವಾಪಸ್ ಬರುವ ನೀರು 60 ಡಿಗ್ರಿಗಿಂತ ಕೆಳಗೇ ಇರುತ್ತಿತ್ತು. ನೀರು ಅಷ್ಟು ತಣ್ಣಗಿದ್ದರೆ ಹೊಗೆಯಲ್ಲಿರುವ ತೇವ ಒಲೆಯ ಗೋಡೆಗೇ ಬೆವರಿನಂತೆ ಕೂರುತ್ತದೆ. ಚಿಮಣಿಯೊಳಗೆ ಡಾಂಬರಿನ ಥರ ಜಿಡ್ಡು, ಕೆಳಗೆ ತುಕ್ಕು. ಆ ಜಿಡ್ಡಿಗೇ ಬೆಂಕಿ ಹತ್ತಿಕೊಳ್ಳುವುದೂ ಉಂಟು. ಪಕ್ಕದ ಮನೆಯವರು ಹೊಗೆಗೆ ಬೈದದ್ದು ಬೇರೆ. ಇಂಥ ಹೊಸ ಒಲೆಗಳ ಹೊಗೆಗೆ ಇಲ್ಲಿನ ಸರ್ಕಾರ 2015ರಲ್ಲಿ ನಿಯಮ ತಂದಿತು, 2020ರಿಂದ ಅದನ್ನು ಇನ್ನೂ ಬಿಗಿ ಮಾಡಿತು.

ಕಲ್ಲಿದ್ದಲಿನ ವಿಷಯ ಬೇರೆಯೇ. ಕಟ್ಟಿಗೆ ಬೂದಿಯ ಮೇಲೆ ಕೂತೇ ಉರಿಯುತ್ತದೆ, ಗಾಳಿ ಮೇಲಿಂದ ಸಿಕ್ಕರೂ ಸಾಕು. ಕಲ್ಲಿದ್ದಲಿಗೆ ಕೆಳಗಿನಿಂದಲೇ ಗಾಳಿ ಬೇಕು, ಬೂದಿ ಅಲ್ಲಾಡಿಸಿ ಬೀಳಿಸುವ ಗಟ್ಟಿ ಜಾಲರಿ ಬೇಕು. ಕಟ್ಟಿಗೆ ಒಲೆಗೆ ಸುಮ್ನೆ ಕಲ್ಲಿದ್ದಲು ಸುರಿದರೆ ನಂದಿಹೋಗುತ್ತದೆ. ಅದರಲ್ಲಿ ಗಂಧಕ ಇರುವುದರಿಂದ ಬೂದಿಗೆ ತೇವ ತಾಗಿದರೆ ಉಕ್ಕನ್ನು ತಿನ್ನುತ್ತದೆ. ಶಿರಸಿ ಮಳೆಯಲ್ಲಿ ಎಷ್ಟು ದಿನ ಬಾಳೀತು, ನೀವೇ ಯೋಚಿಸಿ.

ಶಿರಸಿ ತೋಟದವ

ತಂಗೀ, ಅಪ್ಪಯ್ಯನಿಗೆ ಆಗುತ್ತಿರುವುದು ಚಳಿಯಲ್ಲ, ಥಂಡಿ, ಅಂದರೆ ಮಳೆಗಾಲದ ತೇವ. ಆಷಾಢದಲ್ಲೂ ನಮ್ಮಲ್ಲಿ ಇಪ್ಪತ್ತು ಡಿಗ್ರಿ ಆಸುಪಾಸು ಇರುತ್ತದೆ, ಅದಕ್ಕೆ ಮನೆಯಿಡೀ ಪೈಪ್ ಎಳೆಯುವುದು ಯಾಕೆ? ಹಾಸಿಗೆ ಒಣಗಬೇಕು, ಬಟ್ಟೆ ಒಣಗಬೇಕು, ಮಲಗುವ ಕೋಣೆಯ ಒಂದು ಗೋಡೆ ಬೆಚ್ಚಗಿರಬೇಕು. ಅಷ್ಟೇ.

ಇನ್ನೊಂದು. ಆ ಒಲೆಗೆ ಪಂಪ್ ಬೇಕು. ಮಳೆಗಾಲದಲ್ಲಿ ಕಂಬ ಬಿದ್ದರೆ ನಮ್ಮ ಕಡೆ ಮೂರು ದಿನ ಕರೆಂಟ್ ಇಲ್ಲ. ಪಂಪ್ ನಿಂತರೆ ಒಲೆಯಲ್ಲಿನ ನೀರು ಅಲ್ಲೇ ಕುದಿಯುತ್ತದೆ.

ನಾನು ಮಾಡಿದ್ದು ಹೀಗೆ. ಹಳೇ ಬಚ್ಚಲೊಲೆ ತೆಗೆದು ಅಸ್ತ್ರ ಒಲೆಯ ಮಾದರಿಯಲ್ಲಿ ಕಟ್ಟಿಸಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ಗುಂಪಿನವರು ರೂಪಿಸಿದ ಒಲೆ ಅದು, ಮಲೆನಾಡಿನವರಿಗೆ ಹೊಸದಲ್ಲ. ಬಾಯಿ ಚಿಕ್ಕದು, ಕೆಳಗೆ ಜಾಲರಿ, ಬೆಂಕಿ ಹಂಡೆಯನ್ನು ಸುತ್ತಿ ಚಿಮಣಿಗೆ ಹೋಗುತ್ತದೆ. ಕಟ್ಟಿಗೆ ತುರುಕುವ ಬಾಯಿ ಹೊರಗೆ, ಹಂಡೆ ಒಳಗೆ. ಬೆಂಕಿ ಗೂಡಿನಲ್ಲಿ ಒಂದು ಪೈಪಿನ ಸುರುಳಿ ಹಾಕಿಸಿ, ಅದಕ್ಕಿಂತ ಎತ್ತರದಲ್ಲಿ ನೂರು ಲೀಟರಿನ ಟ್ಯಾಂಕ್ ಇಟ್ಟಿದ್ದೇನೆ. ಬಿಸಿನೀರು ತಾನೇ ಮೇಲೇರುತ್ತದೆ, ತಣ್ಣೀರು ತಾನೇ ಇಳಿಯುತ್ತದೆ. ಪಂಪ್ ಬೇಡ. ಬಚ್ಚಲ ಗೋಡೆಯ ಆಚೆಗೇ ನಮ್ಮ ಆಯಿ ಮಲಗುವ ಕೋಣೆ, ಸಂಜೆ ತನಕ ಆ ಗೋಡೆ ಬೆಚ್ಚಗಿರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ.

ನೂರು ಲೀಟರ್ ನೀರನ್ನು 30 ಡಿಗ್ರಿ ಏರಿಸಲು 3000 ಕಿಲೋಕ್ಯಾಲರಿ ಸಾಕು. ಒಣ ಕಟ್ಟಿಗೆಯ ಒಂದು ಕಿಲೋದಲ್ಲಿ 3500ಕ್ಕಿಂತ ಜಾಸ್ತಿಯೇ ಇದೆ. ಆದರೂ ಹಳೇ ಒಲೆಗೆ ಆರೇಳು ಕಿಲೋ ಹೋಗುತ್ತಿತ್ತು, ಉಳಿದದ್ದೆಲ್ಲ ಆಕಾಶ ಕಾಸುತ್ತಿತ್ತು. ಈಗ ಮೂರಕ್ಕೆ ಮುಗಿಯುತ್ತದೆ, ಒಣಗಿದ್ದರೆ ಮಾತ್ರ. ಹಸಿ ಹಾಕಿದ ದಿನ ಯಾವ ಒಲೆಯೂ ಒಂದೇ. ನಮ್ಮ ಕಟ್ಟಿಗೆ ಮನೆ ಶಿವರಾತ್ರಿ ಹೊತ್ತಿಗೆ ತುಂಬಿರುತ್ತದೆ. ಅಡಿಕೆ ಸಿಪ್ಪೆ, ಸೋಗೆ, ಕರಟ ಬೆಂಕಿ ಹಿಡಿಸಲು ಮಾತ್ರ. ಸೋಗೆ ಭರ್ರನೆ ಉರಿದು ಆರುತ್ತದೆ, ಅದನ್ನು ನಂಬಿ ಕೂತರೆ ಅರ್ಧ ಸ್ನಾನಕ್ಕೆ ತಣ್ಣೀರು.

ಕಾರವಾರದಿಂದ

ನಮಗೆ ಬೆಚ್ಚಗಿನ ಕೋಣೆಯ ಚಿಂತೆ ಇಲ್ಲಪ್ಪ, ಫ್ಯಾನ್ ನಿಂತರೆ ಸಾಕು ಜೀವ ಹೋಗುತ್ತದೆ. ಆದರೆ ಹೊರಗೆ ತಗಡಿನ ಒಲೆ ಇಟ್ಟು ನೋಡಿದ್ದೇವೆ. ಉಪ್ಪುಗಾಳಿಗೆ ಎರಡೇ ಮಳೆಗಾಲಕ್ಕೆ ತಳ ತೂತು. ಈಗ ಚಿರೆಕಲ್ಲಿನ ಒಲೆ, ತಾಮ್ರದ ಹಂಡೆ. ಗಾಳಿ ಮರದ ಕಟ್ಟಿಗೆ ಸಿಕ್ಕಿದರೆ ಬಿಡಬೇಡಿ, ಒಳ್ಳೆ ಕೆಂಡ ಕೊಡುತ್ತದೆ.

ಆ ಕೆಂಡವನ್ನು ಮಾತ್ರ ಅಗ್ಗಿಷ್ಟಿಕೆಗೆ ತುಂಬಿ ಅಪ್ಪಯ್ಯನ ಕೋಣೆಗೆ ಒಯ್ಯಬೇಡಿ. ಹೊಗೆ ಇಲ್ಲವಲ್ಲ ಅಂತ ಕಿಟಕಿ ಮುಚ್ಚಿ ಮಲಗಿದರೆ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ. ನಿದ್ದೆಯಲ್ಲೇ ಕೊಲ್ಲುತ್ತದೆ.

ಕುಮಟಾ, ವೆಲ್ಡಿಂಗ್ ಕೆಲಸದವ

ಶಿರಸಿ ತೋಟದ ಅಣ್ಣ ಒಂದು ಮಾತು ಹೇಳುವುದು ಬಿಟ್ಟರು. ಟ್ಯಾಂಕಿನ ಮೇಲೆ ಗಾಳಿಗೆ ತೆರೆದ ಪೈಪ್ ಇರಲೇಬೇಕು, ಅದಕ್ಕೆ ನಲ್ಲಿ ಹಾಕಬಾರದು. ಒಬ್ಬರು ಕಸ ಬೀಳುತ್ತದೆ ಅಂತ ಬಿರಡೆ ಹೊಡೆದಿದ್ದರು. ಆವಿಗೆ ದಾರಿ ಇಲ್ಲದೆ ಬೆಸುಗೆ ಬಿಟ್ಟು ಬಚ್ಚಲಿನ ಹಂಚೇ ಹಾರಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ತುದಿಯನ್ನು ಕೆಳಕ್ಕೆ ಬಗ್ಗಿಸಿದರೆ ಕಸ ಬೀಳುವುದಿಲ್ಲ, ಅಷ್ಟೇ ಕೆಲಸ.

ಕೇಳಿದವರು

ಎಲ್ಲರಿಗೂ ದೊಡ್ಡ ನಮಸ್ಕಾರ. ಕಲ್ಲಿದ್ದಲು ಬಿಟ್ಟೆ, ಅಮೆರಿಕದ ಒಲೆಯನ್ನೂ ಬಿಟ್ಟೆ. ನಮ್ಮ ಬಚ್ಚಲ ಪಕ್ಕ ಈಗ ಅಡಿಕೆ ಚೀಲ ಇಡುವ ಕೋಣೆ ಇದೆ. ಅದನ್ನು ಖಾಲಿ ಮಾಡಿಸಿ ಅಪ್ಪಯ್ಯನ ಮಂಚ ಅಲ್ಲಿಗೆ ಹಾಕುವುದು ಅಂದುಕೊಂಡಿದ್ದೇನೆ. ಶಿರಸಿ ಅಣ್ಣ, ಚಿಮಣಿ ಎಷ್ಟು ಎತ್ತರ?

ಶಿರಸಿ ತೋಟದವ

ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲೆ. ಮೊದಲು ಕಡಿಮೆ ಇಟ್ಟು, ಗಾಳಿ ತಿರುಗಿದಾಗಲೆಲ್ಲ ಹೊಗೆ ದೇವರ ಕೋಣೆಗೇ ಬರುತ್ತಿತ್ತು. ಮೇಲೆ ತಗಡಿನ ಟೊಪ್ಪಿ ಹಾಕಿಸಿ, ಮಸಿ ತೆಗೆಯಲು ಬುಡದಲ್ಲಿ ಒಂದು ಕಿಂಡಿ ಬಿಡಿಸಿ. ಅಡಿಕೆ ಚೀಲ ಎಲ್ಲಿಗೆ ಹೋಗುತ್ತದೆ ಅಂತ ಅಪ್ಪಯ್ಯನನ್ನು ಮೊದಲೇ ಕೇಳಿಕೋ.